ಗುಟ್ಟು ರಟ್ಟು ಮಾಡಿದವರಿಗೆ ಏನು ಶಿಕ್ಷೆ?

ಸೇನೆಯ ಗುಟ್ಟು ಹೊರಗೆ ಹೋಗುವುದು, ಹೋದರೆ ಯಾರಿಗೆ ಏನು ಮಾಡಬೇಕು ಅನ್ನುವುದು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದರ ಬಗ್ಗೆಯೇ. ಹೊಸ ಓದುಗರಿಗೆ ಒಂದು ಮಾತು: ನಾನು ಕೆಲಸ ಮಾಡಿದ್ದು ರಕ್ಷಣಾ ಕಚೇರಿಯೊಂದರ ರಹಸ್ಯ ಶಾಖೆಯಲ್ಲಿ. ಬಂದೂಕು ಹಿಡಿದವಳಲ್ಲ, ರಿಜಿಸ್ಟರ್ ಹಿಡಿದವಳು. ಅಲ್ಲಿ ಓದಿದ್ದನ್ನು ಇಲ್ಲಿ ಬರೆಯುತ್ತೇನೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕಾಗದವನ್ನು ಹೇಗೆ ಕಾಯುತ್ತಾರೆ, ಅದು ಹೇಗೆ ಕೈ ತಪ್ಪುತ್ತದೆ ಅನ್ನುವುದನ್ನು ಹೇಳಬಲ್ಲೆ, ಅಷ್ಟೇ.

ಪ್ರಶ್ನೆ: ಸೇನೆಯ ಗುಟ್ಟು ಮಾರಿದವರನ್ನು ಗಲ್ಲಿಗೆ ಹಾಕಿದರೆ ಇನ್ನೊಬ್ಬ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಇಷ್ಟು ಸರಳ ವಿಷಯಕ್ಕೆ ಇಷ್ಟೊಂದು ಚರ್ಚೆ ಯಾಕೆ?
(ಒಬ್ಬ ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ಅಮೆರಿಕ ಅದನ್ನೂ ಮಾಡಿ ನೋಡಿದೆ. ಅಣುಬಾಂಬಿನ ಗುಟ್ಟನ್ನು ಸೋವಿಯತ್ ಒಕ್ಕೂಟಕ್ಕೆ ಕೊಡಲು ಸಂಚು ಮಾಡಿದರು ಅಂತ ಜೂಲಿಯಸ್ ಮತ್ತು ಎಥೆಲ್ ರೋಸನ್‌ಬರ್ಗ್ ದಂಪತಿಯನ್ನು 1953ರ ಜೂನ್‌ನಲ್ಲಿ ವಿದ್ಯುತ್ ಕುರ್ಚಿಗೆ ಕೂರಿಸಿದರು. ಜಗತ್ತಿಗೆಲ್ಲ ಗೊತ್ತಾದ ಸುದ್ದಿ ಅದು. ಹದಿನೈದು ವರ್ಷ ಕಳೆಯುವ ಮೊದಲೇ ಅದೇ ದೇಶದ ನೌಕಾಪಡೆಯ ಜಾನ್ ವಾಕರ್ ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಗೆ ತಾನಾಗಿಯೇ ನಡೆದುಕೊಂಡು ಹೋದ. ಯಾರೂ ಅವನನ್ನು ಬಲೆಗೆ ಕೆಡವಲಿಲ್ಲ. ಒಂದು ಬಾರ್ ತೆರೆದು ಕೈ ಸುಟ್ಟುಕೊಂಡಿದ್ದ, ದುಡ್ಡು ಬೇಕಿತ್ತು. ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುವ ಸಂಕೇತ ಯಂತ್ರಗಳ ಕೀಲಿಪಟ್ಟಿ ಅವನ ಮೇಜಿನ ಮೇಲೇ ಇರುತ್ತಿತ್ತು. ಮಾರಿದ. 1985ರ ತನಕ ಮಾರುತ್ತಲೇ ಇದ್ದ. ಅಣ್ಣನನ್ನು ಸೇರಿಸಿಕೊಂಡ, ಗೆಳೆಯ ಜೆರಿ ವಿಟ್ವರ್ತ್‌ನನ್ನು ಸೇರಿಸಿಕೊಂಡ, ಕೊನೆಗೆ ಹೆತ್ತ ಮಗನನ್ನೂ ಬಿಡಲಿಲ್ಲ.

ಸಿಕ್ಕಿಬಿದ್ದದ್ದು ಹೇಗೆ? ವಿಚ್ಛೇದನ ಕೊಟ್ಟ ಹೆಂಡತಿ ಪೊಲೀಸರಿಗೆ ಹೇಳಿದಳು. ಅದನ್ನೂ ಮೊದಲು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಶಿಕ್ಷೆ ಭರ್ಜರಿಯಾಗಿಯೇ ಆಯಿತು. ವಿಟ್ವರ್ತ್‌ಗೆ 365 ವರ್ಷ ಜೈಲು. ಮುನ್ನೂರ ಅರವತ್ತೈದು! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುವುದು ಇದಕ್ಕೇ. ಹದಿನೇಳು ವರ್ಷ ಸೋವಿಯತ್ ಕಡೆಯವರು ಅಮೆರಿಕದ ನೌಕಾಪಡೆಯ ಸಂದೇಶಗಳನ್ನು ಓದಿಕೊಂಡು ಕೂತಿದ್ದರು. ಆ ಹದಿನೇಳು ವರ್ಷವನ್ನು ಯಾವ ನ್ಯಾಯಾಧೀಶ ವಾಪಸ್ ಕೊಡುತ್ತಾನೆ?

ನಾನು ಗಮನಿಸಿದ ಮಟ್ಟಿಗೆ, ಕಾಗದ ಕದಿಯುವವನು ಶಿಕ್ಷೆ ಎಷ್ಟು ವರ್ಷ ಅಂತ ಲೆಕ್ಕ ಹಾಕುವುದಿಲ್ಲ. ಸಿಕ್ಕಿಬೀಳುತ್ತೀನಾ ಇಲ್ವಾ ಅಂತ ನೋಡುತ್ತಾನೆ. ‘ಸಂಜೆಯೊಳಗೆ ಗೊತ್ತಾಗಿಬಿಡುತ್ತೆ’ ಅನ್ನಿಸಿದರೆ ಎರಡು ವರ್ಷದ ಜೈಲೂ ಸಾಕು. ‘ಯಾರು ನೋಡ್ತಾರೆ ಬಿಡು’ ಅನ್ನಿಸಿದರೆ ಗಲ್ಲೂ ಸಾಲದು.

ಇದಕ್ಕೆ ವಿರುದ್ಧವಾದ ಉದಾಹರಣೆ ಒಂದು ಇದೆ, ನನಗೆ ತುಂಬಾ ಇಷ್ಟ. 1944ರ ಏಪ್ರಿಲ್. ಜರ್ಮನಿಯ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿ ಮೇಲೆ ಮಿತ್ರಪಡೆಗಳ ದಾಳಿಗೆ ಇನ್ನೆರಡು ತಿಂಗಳೂ ಇಲ್ಲ. ಲಂಡನ್‌ನ ಕ್ಲಾರಿಡ್ಜಸ್ ಹೋಟೆಲಿನ ಊಟದ ಕೂಟದಲ್ಲಿ ಅಮೆರಿಕದ ವಾಯುಪಡೆಯ ಮೇಜರ್ ಜನರಲ್ ಹೆನ್ರಿ ಮಿಲ್ಲರ್, ದಾಳಿ ಜೂನ್ 15ರ ಒಳಗೆ ಆಗುತ್ತದೆ ಅಂತ ಬಾಯಿಬಿಟ್ಟ. ಸುದ್ದಿ ಆ ದಾಳಿಯ ಮಹಾದಂಡನಾಯಕ ಐಸೆನ್‌ಹೋವರ್ ಕಿವಿಗೆ ಬಿತ್ತು. ಮಿಲ್ಲರ್ ಬೇರೆ ಯಾರೋ ಅಲ್ಲ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಜೊತೆಗೆ ಓದಿದವನು. ಗೆಳೆತನ ನೋಡಲಿಲ್ಲ. ಜನರಲ್ ಪಟ್ಟ ಕಿತ್ತುಕೊಂಡು, ಕೆಳಗಿನ ದರ್ಜೆಗೆ ಇಳಿಸಿ, ತಾಯ್ನಾಡಿಗೆ ವಾಪಸ್ ಕಳುಹಿಸಿದರು. ಜೈಲಿಲ್ಲ, ಗಲ್ಲಿಲ್ಲ. ಆದರೆ ತಡವೂ ಇಲ್ಲ. ಆಮೇಲೆ ಲಂಡನ್‌ನ ಊಟದ ಮೇಜುಗಳಲ್ಲಿ ಎಷ್ಟು ಜನ ಬಾಯಿಗೆ ಬೀಗ ಹಾಕಿಕೊಂಡಿರಬಹುದು, ನೀವೇ ಊಹಿಸಿ.

ಪ್ರಶ್ನೆ: ಕಂಪ್ಯೂಟರ್ ಆಟದ ಹುಚ್ಚು ಹಿಡಿದ 21 ವರ್ಷದ ಹುಡುಗನ ಕೈಗೆ ಉಕ್ರೇನ್ ಯುದ್ಧದ ಕಾಗದಗಳು ಹೇಗೆ ಸಿಕ್ಕವು? 15 ವರ್ಷ ಜೈಲು ಜಾಸ್ತಿ ಆಗಲಿಲ್ವಾ?
(ಕಾಲೇಜು ವಿದ್ಯಾರ್ಥಿ)

ನೀವು ಕೇಳುತ್ತಿರುವುದು ಜಾಕ್ ಟೆಶೇರಾ ಬಗ್ಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಏರ್ ನ್ಯಾಷನಲ್ ಗಾರ್ಡ್ ಎಂಬ ವಾಯುಪಡೆಯ ಮೀಸಲು ದಳದಲ್ಲಿ ಅವನ ಕೆಲಸ ಕಂಪ್ಯೂಟರ್ ಜಾಲ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು. ಜಾಲ ನೋಡಿಕೊಳ್ಳುವವನಿಗೆ ಜಾಲದಲ್ಲಿ ಇರುವುದೂ ಕಾಣುತ್ತದೆ. ಮೊದಲು ಓದಿದ್ದನ್ನು ಟೈಪ್ ಮಾಡಿ, ಆಟದ ಹುಡುಗರು ಹರಟೆ ಹೊಡೆಯುವ ಡಿಸ್ಕಾರ್ಡ್ ಎಂಬ ಜಾಲತಾಣದಲ್ಲಿ ಗೆಳೆಯರಿಗೆ ಹಾಕಿದ. ಆಮೇಲೆ ಕಾಗದವನ್ನೇ ಮನೆಗೆ ತಂದು ಫೋಟೋ ತೆಗೆದ. ದುಡ್ಡಿಗಲ್ಲ, ಯಾವ ದೇಶಕ್ಕೂ ಅಲ್ಲ. ನನಗೆ ಏನೆಲ್ಲಾ ಗೊತ್ತು ನೋಡಿ ಅಂತ ಹುಡುಗರ ಮುಂದೆ ಮೀಸೆ ತಿರುವಲು.

ನನಗೆ ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ. ಅವನ ಮೇಲಿನವರು 2022ರ ಸೆಪ್ಟೆಂಬರ್‌ನಲ್ಲೇ ಅವನು ರಹಸ್ಯ ಮಾಹಿತಿ ನೋಡಿ ಚೀಟಿ ಬರೆದುಕೊಳ್ಳುವುದನ್ನು ಕಂಡಿದ್ದರು. ಬರೆದುಕೊಳ್ಳಬೇಡ ಅಂದರು. ಅಕ್ಟೋಬರ್‌ನಲ್ಲಿ ಮತ್ತೆ ಎಚ್ಚರಿಕೆ ಕೊಟ್ಟರು. 2023ರ ಜನವರಿಯಲ್ಲಿ ತನಗೆ ಸಂಬಂಧವಿಲ್ಲದ್ದನ್ನು ನೋಡುತ್ತಿದ್ದಾನೆ ಅಂತ ಇನ್ನೊಂದು ಟಿಪ್ಪಣಿ ಬರೆದಿಟ್ಟರು. ಬರೆದಿಟ್ಟರು, ಅಷ್ಟೇ! ಕೀಲಿ ಮಾತ್ರ ಅವನ ಕೈಯಲ್ಲೇ ಇತ್ತು. ಏಪ್ರಿಲ್‌ನಲ್ಲಿ ಜಗತ್ತೇ ಆ ಕಾಗದಗಳನ್ನು ಓದಿತು.

15 ವರ್ಷ ಜಾಸ್ತಿಯೇ ಅಂತ ನನ್ನ ಮನಸ್ಸಿಗೂ ಅನ್ನಿಸುತ್ತದೆ. ಆದರೆ ಅವನೇ ಆರು ಆರೋಪ ಒಪ್ಪಿಕೊಂಡ, ಕಾಗದಗಳೂ ಸಣ್ಣಪುಟ್ಟವಲ್ಲ. ಮೇಲಿನ ಹದಿನೈದು ಜನರ ಮೇಲೂ ವಾಯುಪಡೆ ಶಿಸ್ತುಕ್ರಮ ತೆಗೆದುಕೊಂಡಿತು ಅನ್ನುವುದು ಸುದ್ದಿಯಲ್ಲಿ ಒಂದು ಸಾಲು ಬಂತು, ಮಾಯವಾಯಿತು. ಮುಂದಿನ ಸೋರಿಕೆ ತಡೆಯುವ ಶಿಕ್ಷೆ ಯಾವುದು ಅಂತ ಕೇಳಿದರೆ ನಾನು ಆ ಒಂದು ಸಾಲನ್ನೇ ತೋರಿಸುತ್ತೇನೆ.

ಮೀಸೆ ತಿರುವುವ ವಿಷಯ ಬಂತಲ್ಲ. ವಾರ್ ಥಂಡರ್ ಅಂತ ಟ್ಯಾಂಕ್ ಓಡಿಸುವ ಒಂದು ಆಟ ಇದೆ. ಆಟದ ಟ್ಯಾಂಕು ನಿಜವಾದ ಟ್ಯಾಂಕಿನ ಹಾಗಿಲ್ಲ ಅಂತ ವಾದ ಗೆಲ್ಲಲು 2021ರಲ್ಲಿ ಒಬ್ಬ ಬ್ರಿಟನ್ನಿನ ಚಾಲೆಂಜರ್ ಟ್ಯಾಂಕಿನ ಕೈಪಿಡಿಯ ಭಾಗವನ್ನೇ ಆ ಆಟದ ಚರ್ಚಾ ತಾಣದಲ್ಲಿ ಹಾಕಿಬಿಟ್ಟ. ಕೆಲವೇ ತಿಂಗಳಲ್ಲಿ ಇನ್ನೊಬ್ಬ ಫ್ರಾನ್ಸಿನ ಲೆಕ್ಲೆರ್ಕ್ ಟ್ಯಾಂಕಿನದು ಹಾಕಿದ. ಶತ್ರು ದೇಶ ಲಕ್ಷಗಟ್ಟಲೆ ಸುರಿದರೂ ಸಿಗದಿದ್ದದ್ದು ‘ನಿನಗೇನು ಗೊತ್ತು?’ ಅನ್ನುವ ಒಂದು ಮಾತಿಗೆ ಸಿಗುತ್ತದೆ.

ಪ್ರಶ್ನೆ: ಕಂಪ್ಯೂಟರ್ ಬರುವ ಮೊದಲು ಗುಟ್ಟಿನ ಕಾಗದಗಳನ್ನು ಹೇಗೆ ಕಾಯುತ್ತಿದ್ದಿರಿ? ಹೇಳಬಹುದಾದಷ್ಟು ಹೇಳಿ.
(ಗ್ರಂಥಪಾಲಕಿ)

ಧಾರಾಳವಾಗಿ ಹೇಳಬಹುದು. ಕ್ರಮ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಗುಟ್ಟು ಇರುವುದು ಕಾಗದದ ಒಳಗೆ, ಕ್ರಮದಲ್ಲಿ ಅಲ್ಲ.

ಕಾಗದ ಬರುವುದು ಎರಡು ಲಕೋಟೆಯಲ್ಲಿ. ಹೊರಗಿನದರ ಮೇಲೆ ಬರೀ ವಿಳಾಸ, ಒಳಗೆ ಏನಿದೆ ಅಂತ ಸುಳಿವೇ ಇರಬಾರದು. ಒಳಗಿನದರ ಮೇಲೆ ರಹಸ್ಯದ ಮುದ್ರೆ, ಅಂಟಿಸಿದ ಜಾಗದ ಮೇಲೆಲ್ಲ ಸಹಿ. ಅದರೊಳಗೆ ಒಂದು ರಸೀದಿ. ರಸೀದಿಯಲ್ಲಿ ಕಾಗದದ ನಂಬರು ಇರುತ್ತದೆ, ವಿಷಯ ಇರುವುದಿಲ್ಲ. ನಾನು ಸಹಿ ಹಾಕಿ ರಸೀದಿ ವಾಪಸ್ ಕಳುಹಿಸುವ ತನಕ ಕಳುಹಿಸಿದವರಿಗೆ ನಿದ್ದೆ ಇಲ್ಲ. ಪ್ರತಿಯೊಂದಕ್ಕೂ ಪ್ರತಿ ಸಂಖ್ಯೆ, ಪುಟ ಸಂಖ್ಯೆ. ತೆರೆದ ಕೂಡಲೇ ಪುಟಗಳನ್ನು ಒಂದೊಂದಾಗಿ ಎಣಿಸಬೇಕು. ಖಾಲಿ ಪುಟವನ್ನೂ ಬಿಡುವ ಹಾಗಿಲ್ಲ. ಅದರ ಮೇಲೆ ‘ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ’ ಅಂತ ಅಚ್ಚು ಹಾಕಿರುತ್ತಾರೆ. ಜನ ಅದನ್ನು ನೋಡಿ ನಗುತ್ತಾರೆ. ಆ ಸಾಲು ಇಲ್ಲದಿದ್ದರೆ ಒಂದು ಪುಟ ಅಚ್ಚಾಗಲೇ ಇಲ್ಲವೋ, ಯಾರೋ ಬದಲಾಯಿಸಿಟ್ಟರೋ ಅಂತ ಇಡೀ ಶಾಖೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ತಿಜೋರಿ ತೆರೆದ ಹೊತ್ತು, ಮುಚ್ಚಿದ ಹೊತ್ತು, ಯಾರು, ಎಲ್ಲ ಬಾಗಿಲ ಮೇಲಿನ ಹಾಳೆಯಲ್ಲಿ. ಟೈಪ್‌ರೈಟರಿನ ರಿಬ್ಬನ್ನೂ ಗುಟ್ಟೇ. ಬಿಚ್ಚಿ ಬೆಳಕಿಗೆ ಹಿಡಿದರೆ ಹೊಡೆದ ಅಕ್ಷರ ಓದಬಹುದು. ಕಾರ್ಬನ್ ಕಾಗದವೂ ಹಾಗೇ. ಅವೆಲ್ಲ ಸಂಜೆ ತಿಜೋರಿಗೇ ಹೋಗಬೇಕು.

ಇನ್ನು ಸುಡುವುದು. ಇದನ್ನು ಸುಮ್ನೆ ಬೆಂಕಿ ಹಚ್ಚುವ ಕೆಲಸ ಅಂದುಕೊಳ್ಳಬೇಡಿ. ಇಬ್ಬರು ನಿಂತಿರಬೇಕು, ಇಬ್ಬರೂ ಸಹಿ ಹಾಕಬೇಕು. ಕಟ್ಟು ಕಟ್ಟಾಗಿ ಹಾಕಿದರೆ ಅಂಚು ಮಾತ್ರ ಸುಟ್ಟು ನಡುವೆ ಹಾಗೇ ಉಳಿಯುತ್ತದೆ. ಬಿಡಿಬಿಡಿಯಾಗಿ ಹಾಕಬೇಕು. ಪೂರ್ತಿ ಸುಟ್ಟ ಹಾಳೆಯೂ ಮುರಿಯದೆ ನಿಂತರೆ ಕಪ್ಪಿನ ಮೇಲೆ ಬೂದು ಅಕ್ಷರ ಎದ್ದು ಕಾಣುತ್ತದೆ, ಚೆನ್ನಾಗಿ ಓದಬಹುದು. ಅದಕ್ಕೇ ಕೋಲು ಹಾಕಿ ಬೂದಿ ಕದಡುವುದು. ಮೇಲೆ ಹೇಳಿದ ವಾಕರ್‌ನ ಮಗ ಮೈಕೆಲ್ ಕಾಗದ ಕದ್ದದ್ದು ಎಲ್ಲಿಂದ ಗೊತ್ತಾ? ನಿಮಿಟ್ಜ್ ಎಂಬ ಯುದ್ಧನೌಕೆಯಲ್ಲಿ ಸುಡಲು ಅಂತ ಚೀಲಕ್ಕೆ ತುಂಬಿಟ್ಟಿದ್ದ ಕಾಗದಗಳಿಂದ. ಕೆಲಸ ಮುಗಿದ ಕಾಗದದ ಮೇಲೆ ಎಲ್ಲರ ಕಣ್ಣೂ ಸಡಿಲವಾಗುತ್ತದೆ. ಕಳ್ಳನಿಗೆ ಅದೇ ಹಬ್ಬ.

ಒಂದು ಸಲ ನನಗಿಂತ ಎಷ್ಟೋ ಮೇಲಿನ ಅಧಿಕಾರಿಯೊಬ್ಬರು ಬಂದು, ‘ಒಂದು ಕಡತ ಕೊಡಿ, ಅರ್ಧ ಗಂಟೆಯಲ್ಲಿ ತಂದುಕೊಡ್ತೀನಿ, ಸಹಿ ಗಿಹಿ ಬೇಡ’ ಅಂದರು. ನಾನು ರಿಜಿಸ್ಟರ್ ಅವರ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಇಟ್ಟೆ. ಮಾತಾಡಲಿಲ್ಲ. ಅವರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಸಹಿ ಹಾಕಿದರು. ಆಮೇಲೆ ಬಹಳ ದಿನ ನನಗೆ ನಮಸ್ಕಾರ ಹೇಳಲಿಲ್ಲ. ಪರವಾಗಿಲ್ಲ. ಕಡತ ಅರ್ಧ ಗಂಟೆಯಲ್ಲಿ ಬಂತು.

ಈಗ ಏನಾಗಿದೆ ಅಂದರೆ, ಆ ರಿಜಿಸ್ಟರ್ ತಿರುಗಿಸುವವರು ಇಲ್ಲ. 2010ರಲ್ಲಿ ಇರಾಕಿನಲ್ಲಿದ್ದ ಅಮೆರಿಕನ್ ಸೈನಿಕ ಮ್ಯಾನಿಂಗ್ ಲಕ್ಷಗಟ್ಟಲೆ ದಾಖಲೆಗಳನ್ನು ಹೊರಗೆ ಸಾಗಿಸಿದ್ದು ಸಿಡಿಯಲ್ಲಿ. ಸಿಡಿಯ ಮೇಲೆ ಲೇಡಿ ಗಾಗಾ ಅಂತ ಗಾಯಕಿಯ ಹೆಸರು. ಕಿವಿಗೆ ಹೆಡ್‌ಫೋನ್, ಬಾಯಲ್ಲಿ ಹಾಡು. ಅಷ್ಟೇ ಕಾಗದ ಹೊರಲು ನಮ್ಮ ಕಾಲದಲ್ಲಿ ಲಾರಿಗಳು ಬೇಕಿತ್ತು, ಲಾರಿ ಬಂದರೆ ಯಾರಾದರೂ ಯಾಕೆ ಅಂತ ಕೇಳುತ್ತಿದ್ದರು.

ಪ್ರಶ್ನೆ: ಯಾರು ಸೋರಿಸಿದರು ಅಂತ ಕಂಡುಹಿಡಿಯುವುದು ಹೇಗೆ?
(ಪತ್ತೇದಾರಿ ಕಥೆಗಳ ಓದುಗ)

ನಿಮ್ಮ ಕಥೆಗಳಲ್ಲಿ ಇರುವಷ್ಟು ಮಜಾ ಇರುವುದಿಲ್ಲ. ಹೆಚ್ಚಿನ ಸಲ ಅದು ಪಟ್ಟಿ ಚಿಕ್ಕದು ಮಾಡುವ ಕೆಲಸ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಒಂದು ವರದಿ ಒಂದು ಸುದ್ದಿ ಸಂಸ್ಥೆಗೆ ಅಂಚೆಯಲ್ಲಿ ಹೋಯಿತು. ಅವರು ನಿಜವೋ ಸುಳ್ಳೋ ಕೇಳಲು ಅದರ ಪ್ರತಿಯನ್ನು ಸರ್ಕಾರಕ್ಕೇ ತೋರಿಸಿದರು. ಕಾಗದದಲ್ಲಿ ಮಡಿಕೆಯ ಗುರುತು ಇತ್ತು. ಹಾಗಾದರೆ ಇದು ಮುದ್ರಿಸಿ ಹೊರಗೆ ತಂದದ್ದು. ಯಾರು ಮುದ್ರಿಸಿದ್ದಾರೆ? ಆರು ಜನ. ಆ ಆರರಲ್ಲಿ ಕಚೇರಿಯ ಕಂಪ್ಯೂಟರಿನಿಂದ ಆ ಸುದ್ದಿ ಸಂಸ್ಥೆಗೆ ಮೇಲ್ ಮಾಡಿದವರು ಯಾರು? ಒಬ್ಬಳೇ, ರಿಯಾಲಿಟಿ ವಿನ್ನರ್. ಅವಳಿಗೆ 63 ತಿಂಗಳ ಶಿಕ್ಷೆ ಆಯಿತು.

ಇನ್ನೊಂದು ಹಳೆಯ ಉಪಾಯ: ಅನುಮಾನ ಇರುವ ಒಬ್ಬೊಬ್ಬರಿಗೂ ಚೂರು ಚೂರು ಬೇರೆ ಮಾಡಿದ ಪ್ರತಿ ಕೊಡುವುದು. ಒಂದರಲ್ಲಿ ಅಲ್ಪವಿರಾಮ ಜಾಸ್ತಿ, ಇನ್ನೊಂದರಲ್ಲಿ ಒಂದು ಪದ ಹಿಂದೆ ಮುಂದೆ. ಹೊರಗೆ ಬಂದದ್ದು ಯಾವುದು ಅಂತ ನೋಡಿದರೆ ಆಯಿತು.

ಪ್ರಶ್ನೆ: ಚಿಕ್ಕವರಿಗೆ ಜೈಲು, ದೊಡ್ಡವರಿಗೆ ಸನ್ಮಾನ. ಹೌದಲ್ವಾ?
(ಹೆಸರು ಬೇಡ ಎಂದವರು)

ಸನ್ಮಾನ ಅಂತ ಹೇಳಲಾರೆ. ಉಳಿದದ್ದು ಸರಿ. ಅಮೆರಿಕದ ಜನರಲ್ ಡೇವಿಡ್ ಪೆಟ್ರೇಯಸ್ ಎಂಟು ನೋಟ್‌ಪುಸ್ತಕಗಳನ್ನು ತನ್ನ ಜೀವನಚರಿತ್ರೆ ಬರೆಯುತ್ತಿದ್ದ ಮಹಿಳೆಗೆ ಕೊಟ್ಟರು. ಅದರಲ್ಲಿ ಗುಪ್ತ ಅಧಿಕಾರಿಗಳ ಗುರುತು, ಯುದ್ಧತಂತ್ರ, ಸಂಕೇತ ಪದಗಳು. ತನಿಖೆ ಮಾಡುವವರು ಕೇಳಿದಾಗ ಕೊಟ್ಟೇ ಇಲ್ಲ ಅಂದರು. 2015ರಲ್ಲಿ ಒಂದು ಸಣ್ಣ ಅಪರಾಧ ಒಪ್ಪಿಕೊಂಡರು. ಎರಡು ವರ್ಷ ಕೋರ್ಟಿನ ನಿಗಾ, ಒಂದು ಲಕ್ಷ ಡಾಲರ್ ದಂಡ. ಜೈಲಿಲ್ಲ. ಈಗ ಮೇಲಿನ ವಿನ್ನರ್ ಲೆಕ್ಕ ನೋಡಿ: ಒಂದೇ ವರದಿ, ಐದು ವರ್ಷ ಮೂರು ತಿಂಗಳು.

ಕೆಳಗಿನ ಗುಮಾಸ್ತರು ಇದನ್ನೆಲ್ಲ ಓದುತ್ತಾರೆ. ‘ಕಾನೂನು ಎಲ್ಲರಿಗೂ ಒಂದೇ’ ಅಂತ ತರಬೇತಿಯಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಒಂದು ಕೆಮ್ಮು ಕೇಳಿಸುತ್ತದೆ. ಆ ಕೆಮ್ಮು ನಾನು ಚೆನ್ನಾಗಿ ಬಲ್ಲೆ. ಐಸೆನ್‌ಹೋವರ್ ತಮ್ಮ ಸಹಪಾಠಿಯನ್ನು ಮನೆಗೆ ಕಳುಹಿಸಿದ್ದನ್ನು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಪ್ರಶ್ನೆ: ಸೇನೆಯೇ ತಪ್ಪು ಮಾಡಿ ಅದನ್ನು ರಹಸ್ಯ ಅಂತ ಮುಚ್ಚಿಟ್ಟರೆ? ಅದನ್ನು ಹೊರಗೆ ಹಾಕಿದವರೂ ಅಪರಾಧಿಯೇ?
(ಕಾನೂನು ವಿದ್ಯಾರ್ಥಿನಿ)

ಈ ತಿಂಗಳ ಅತ್ಯಂತ ಕಷ್ಟದ ಪ್ರಶ್ನೆ ನಿಮ್ಮದೇ. ಕಾನೂನಿನ ಕಣ್ಣಲ್ಲಿ ಬಹಳ ಕಡೆ ಹೌದು, ಅಪರಾಧಿಯೇ. ಆದರೆ ಜನ ಹಾಗೆ ನೋಡುವುದಿಲ್ಲ.

1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ ಅರ್ಜೆಂಟೀನಾದ ಬೆಲ್‌ಗ್ರಾನೊ ಹಡಗನ್ನು ಮುಳುಗಿಸಿತು. 323 ಜನ ಸತ್ತರು. ಹಡಗು ಯಾವ ದಿಕ್ಕಿಗೆ ಹೋಗುತ್ತಿತ್ತು, ಅದನ್ನು ಮೊದಲು ಯಾವಾಗ ಕಂಡರು ಎನ್ನುವುದರ ಬಗ್ಗೆ ಸರ್ಕಾರ ಸಂಸತ್ತಿಗೆ ಸರಿಯಾಗಿ ಹೇಳುತ್ತಿಲ್ಲ ಅಂತ ರಕ್ಷಣಾ ಇಲಾಖೆಯ ಅಧಿಕಾರಿ ಕ್ಲೈವ್ ಪಾಂಟಿಂಗ್‌ಗೆ ಅನ್ನಿಸಿತು. ಕಾಗದಗಳನ್ನು ಒಬ್ಬ ಸಂಸತ್ ಸದಸ್ಯರಿಗೆ ಕಳುಹಿಸಿದರು. ಪತ್ರಿಕೆಗಲ್ಲ, ಶತ್ರುವಿಗಲ್ಲ, ಸಂಸತ್ತಿನವರಿಗೇ. ಮೊಕದ್ದಮೆ ಆಯಿತು. ದೇಶದ ಹಿತ ಏನು ಅಂತ ಆಗಿನ ಸರ್ಕಾರ ಹೇಳಿದ್ದೇ ಹಿತ ಅಂತ ನ್ಯಾಯಾಧೀಶರು ಜನಸಾಮಾನ್ಯರಿಂದ ಆರಿಸಿದ ತೀರ್ಪುಗಾರರಿಗೆ (ಜೂರಿಗೆ) ತಿಳಿಹೇಳಿದರು. ತೀರ್ಪುಗಾರರು 1985ರ ಫೆಬ್ರವರಿಯಲ್ಲಿ ಪಾಂಟಿಂಗ್ ನಿರಪರಾಧಿ ಅಂದುಬಿಟ್ಟರು. ಸರ್ಕಾರ ಏನು ಮಾಡಿತು? 1989ರಲ್ಲಿ ಕಾನೂನನ್ನೇ ಬದಲಾಯಿಸಿ, ಜನಹಿತಕ್ಕಾಗಿ ಮಾಡಿದೆ ಅಂತ ವಾದಿಸುವ ದಾರಿ ಮುಚ್ಚಿತು.

ಆಸ್ಟ್ರೇಲಿಯಾದಲ್ಲಿ ಅಫ್ಘಾನಿಸ್ತಾನದ ಯುದ್ಧದ ಬಗ್ಗೆ ಪತ್ರಕರ್ತರಿಗೆ ಕಾಗದ ಕೊಟ್ಟ ಸೇನಾ ವಕೀಲ ಡೇವಿಡ್ ಮೆಕ್‌ಬ್ರೈಡ್‌ಗೆ 2024ರಲ್ಲಿ ಐದು ವರ್ಷ ಎಂಟು ತಿಂಗಳ ಶಿಕ್ಷೆ ಆಯಿತು. ಅದಕ್ಕೂ ಮೊದಲೇ, 2020ರಲ್ಲಿ, ಸೇನೆ ನಡೆಸಿದ ಬ್ರೆರಟನ್ ತನಿಖೆಯೇ ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯಾದ ಸೈನಿಕರು 39 ಜನರನ್ನು ಕಾನೂನುಬಾಹಿರವಾಗಿ ಕೊಂದದ್ದಕ್ಕೆ ನಂಬುವಂಥ ಮಾಹಿತಿ ಇದೆ ಅಂದಿತ್ತು.

ನನ್ನ ಅಭಿಪ್ರಾಯ ಕೇಳಿದಿರಿ. ಹೇಳುತ್ತೇನೆ, ಒಪ್ಪದಿದ್ದರೆ ಬರೆಯಿರಿ. ಕಾಗದವನ್ನು ಓದಿ, ಇದು ತಪ್ಪು ಅಂತ ಗೊತ್ತುಮಾಡಿಕೊಂಡು, ಬೇಕಾದಷ್ಟೇ ಆರಿಸಿ ಕೊಟ್ಟವರು ಬೇರೆ. ಕೈಗೆ ಸಿಕ್ಕಿದ್ದೆಲ್ಲ ಬಾಚಿ ಓದದೆ ಸುರಿದವರು ಬೇರೆ. ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕ ಸರ್ಕಾರ ಮಾಡಿಸಿದ್ದ ರಹಸ್ಯ ಅಧ್ಯಯನದ 7,000 ಪುಟಗಳನ್ನು 1971ರಲ್ಲಿ ಹೊರಗೆ ಹಾಕಿದ ಡೇನಿಯಲ್ ಎಲ್ಸ್‌ಬರ್ಗ್ ಶಾಂತಿ ಮಾತುಕತೆಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಪತ್ರಿಕೆಗಳಿಗೆ ಕೊಡದೆ ತಡೆಹಿಡಿದರು. ಅವರಿಗೆ ಯಾವುದು ಗುಟ್ಟು ಅಂತ ಗೊತ್ತಿತ್ತು. ಅಂಥವರ ಮಾತನ್ನು ನ್ಯಾಯಾಲಯ ಕೇಳಿಸಿಕೊಳ್ಳಬೇಕು. ಜನಹಿತ ಅನ್ನುವ ವಾದಕ್ಕೆ ಕಾನೂನಿನಲ್ಲಿ ಜಾಗ ಇರಬೇಕು. ಗೆಲ್ಲಲಿ ಬಿಡಲಿ, ಬಾಯಿ ತೆರೆಯಲು ಬಿಡಬೇಕು. ದೂರು ಕೊಡಲು ಕಚೇರಿಯ ಒಳಗೇ ನಂಬಿಕಸ್ಥ ಬಾಗಿಲು ಒಂದಿದ್ದರೆ ಅರ್ಧ ಜನ ಹೊರಗೆ ಹೋಗುವುದೇ ಇಲ್ಲ.

ಎಲ್ಸ್‌ಬರ್ಗ್‌ಗೆ ಶಿಕ್ಷೆಯೇ ಆಗಲಿಲ್ಲ, ಗೊತ್ತಿರಲಿ. ಸರ್ಕಾರದ ಕಡೆಯವರು ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿದ್ದು ಬಯಲಾಗಿ, 1973ರಲ್ಲಿ ನ್ಯಾಯಾಧೀಶರು ಕೇಸನ್ನೇ ಕಿತ್ತೆಸೆದರು. ಗುಟ್ಟು ಕಾಯಬೇಕಾದವರೇ ಬೀಗ ಒಡೆದರೆ ಹೀಗೇ ಆಗುವುದು.

ಪ್ರಶ್ನೆ: ಕೆಲವು ಕೇಸುಗಳು ಯಾಕೆ ಸದ್ದಿಲ್ಲದೆ ಮುಚ್ಚಿಹೋಗುತ್ತವೆ?
(ವಕೀಲರೊಬ್ಬರು)

ಶಿಕ್ಷೆ ಕೊಡಲು ಹೋದರೆ ಗುಟ್ಟು ಇನ್ನಷ್ಟು ಹೊರಬರುತ್ತದೆ, ಅದಕ್ಕೆ. 1942ರ ಜೂನ್ 7ರಂದು, ಪೆಸಿಫಿಕ್ ಸಾಗರದಲ್ಲಿ ಅಮೆರಿಕ ಜಪಾನನ್ನು ಸೋಲಿಸಿದ ಮಿಡ್‌ವೇ ಕದನದ ಬೆನ್ನಿಗೇ, ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಜಪಾನಿನ ಯೋಜನೆ ಅಮೆರಿಕದ ನೌಕಾಪಡೆಗೆ ಮೊದಲೇ ಗೊತ್ತಿತ್ತು ಅಂತ ಬರೆಯಿತು. ಗೊತ್ತಾದದ್ದು ಜಪಾನಿನ ಸಂಕೇತ ಭಾಷೆ ಒಡೆದದ್ದರಿಂದ. ಸರ್ಕಾರ ಕೆಂಡಾಮಂಡಲವಾಗಿ ಪತ್ರಿಕೆಯ ಮೇಲೆ ಕೇಸು ಹಾಕಲು ಹೊರಟಿತು. ಹಾನಿ ಏನಾಯಿತು ಅಂತ ತೋರಿಸಬೇಕಲ್ಲ? ತೋರಿಸಲು ‘ನಾವು ಅವರ ಸಂಕೇತ ಒಡೆದಿದ್ದೇವೆ’ ಅನ್ನಬೇಕು. ಅದನ್ನು ಹೇಳಲು ನೌಕಾಪಡೆ ಒಪ್ಪಲಿಲ್ಲ. ಕೇಸು ಬಿದ್ದುಹೋಯಿತು. ಬಾಯಿ ಮುಚ್ಚಿಕೊಂಡಿದ್ದು ಜಾಣತನ ಅಂತಲೇ ನನ್ನ ಮತ. ರಹಸ್ಯ ಸಾಕ್ಷ್ಯವನ್ನು ನ್ಯಾಯಾಧೀಶರು ಮೊದಲು ನೋಡಿ, ಮೂಲದ ಬದಲು ಸಾರಾಂಶ ಕೊಡಲು ಬಿಡುವ ಕಾನೂನನ್ನು ಅಮೆರಿಕ 1980ರಲ್ಲಿ ಮಾಡಿಕೊಂಡಿತು.

ಪ್ರಶ್ನೆ: ಎಲ್ಲದಕ್ಕೂ ‘ರಹಸ್ಯ’ ಮುದ್ರೆ ಒತ್ತಿದರೆ ಸುರಕ್ಷಿತ ಅಲ್ಲವೇ?
(ಸರ್ಕಾರಿ ನೌಕರ)

ಅಯ್ಯೋ, ಬೇಡ. ಇಫ್ತಿಖಾರ್ ಗಿಲಾನಿ ಎಂಬ ಪತ್ರಕರ್ತರನ್ನು 2002ರ ಜೂನ್‌ನಲ್ಲಿ ದೆಹಲಿಯಲ್ಲಿ 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಹಿಡಿದರು. ಅವರ ಕಂಪ್ಯೂಟರಿನಲ್ಲಿ ಕಾಶ್ಮೀರದ ಸೇನಾಬಲದ ಬಗ್ಗೆ ಮಾಹಿತಿ ಇತ್ತು ಅಂತ. ಅದು ಪಾಕಿಸ್ತಾನದ ಸಂಸ್ಥೆಯೊಂದು ಎಂದೋ ಪ್ರಕಟಿಸಿದ್ದ ಬರಹ, ಯಾರು ಬೇಕಾದರೂ ಓದಬಹುದಿತ್ತು. ಸೇನೆಯ ಗುಪ್ತಚರ ವಿಭಾಗವೇ ಕೊನೆಗೆ ಅದು ಗುಟ್ಟಲ್ಲ ಅಂತ ಹೇಳಬೇಕಾಯಿತು. ಅಷ್ಟರಲ್ಲಿ ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಂಬಿ ಎಣಿಸಿದ್ದರು.

ಇನ್ನು ಕಚೇರಿಯ ಒಳಗಿನ ಮಾತು. ಕುರ್ಚಿ ಖರೀದಿಯ ಪತ್ರಕ್ಕೂ ಮುದ್ರೆ, ಯುದ್ಧ ಯೋಜನೆಗೂ ಅದೇ ಮುದ್ರೆ ಬಿದ್ದರೆ ಹುಡುಗರು ಎರಡನ್ನೂ ಒಂದೇ ಥರ ಮೇಜಿನ ಮೇಲೆ ಎಸೆದು ಊಟಕ್ಕೆ ಹೋಗುತ್ತಾರೆ. ಮುದ್ರೆ ಜಾಸ್ತಿ ಆದಷ್ಟೂ ಅದನ್ನು ನೋಡಲು ಅನುಮತಿ ಬೇಕಾದವರೂ ಜಾಸ್ತಿ. ಅಮೆರಿಕದಲ್ಲಿ ಅಂಥ ಅನುಮತಿ ಇರುವವರೇ ಸುಮಾರು 40 ಲಕ್ಷ. ಅಷ್ಟು ಜನಕ್ಕೆ ಗೊತ್ತಿರಬಹುದಾದ್ದನ್ನು ಯಾವ ಕಾನೂನು ಕಾಯುತ್ತದೆ? ಮೊದಲು ಮುದ್ರೆ ಕಡಿಮೆ ಮಾಡಿ, ಆಮೇಲೆ ಕೈಗಳನ್ನು ಕಡಿಮೆ ಮಾಡಿ, ಶಿಕ್ಷೆಯ ಮಾತು ಆಮೇಲೆ.

ಪ್ರಶ್ನೆ: ಮಗ ಸೇನೆಯಲ್ಲಿದ್ದಾನೆ. ಅವನ ಫೋಟೋ ಸ್ಟೇಟಸ್‌ಗೆ ಹಾಕಿದರೆ ಬೈಯುತ್ತಾನೆ. ಅಷ್ಟಕ್ಕೆಲ್ಲ ಏನಾಗುತ್ತೆ?
(ಒಬ್ಬ ತಾಯಿ)

ಮಗ ಹೇಳುವುದು ಸರಿ, ತಾಯಿ. ಓಡುವವರು ಬಳಸುವ ಸ್ಟ್ರಾವಾ ಎಂಬ ಆ್ಯಪ್ ಇದೆ. ತನ್ನ ಬಳಕೆದಾರರು ಎಲ್ಲೆಲ್ಲಿ ಓಡಿದ್ದಾರೆ ಅಂತ ಜಗತ್ತಿನ ನಕಾಶೆ ಮಾಡಿ 2017ರ ನವೆಂಬರ್‌ನಲ್ಲಿ ಹಾಕಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದನ್ನು ನೋಡುತ್ತಾ, ಸಿರಿಯಾದ ಕತ್ತಲ ಮರುಭೂಮಿಯಲ್ಲಿ ಚೌಕಾಕಾರದ ಬೆಳಕಿನ ಗೆರೆ ಇದ್ದದ್ದನ್ನು ಕಂಡ. ಸೈನಿಕರು ದಿನಾ ಬೆಳಿಗ್ಗೆ ತಮ್ಮ ಶಿಬಿರದ ಬೇಲಿ ಪಕ್ಕ ಓಡಿದ್ದು ಅದು! ಯಾರೂ ಏನನ್ನೂ ಬಾಯಿಬಿಟ್ಟಿರಲಿಲ್ಲ. ಆ ವರ್ಷವೇ ಅಮೆರಿಕ ಯುದ್ಧವಲಯದಲ್ಲಿ ಇಂಥ ಸಾಧನಗಳ ಜಾಗ ತೋರಿಸುವ ಸೌಲಭ್ಯ ಬಳಸುವುದಕ್ಕೆ ನಿಷೇಧ ಹಾಕಿತು.

2023ರ ಹೊಸ ವರ್ಷದ ರಾತ್ರಿ ಪೂರ್ವ ಉಕ್ರೇನಿನ ಮಕೀವ್ಕಾ ಊರಿನಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಉಕ್ರೇನಿನ ರಾಕೆಟ್ ಬಿತ್ತು. ರಷ್ಯಾ ಕೊಟ್ಟ ಲೆಕ್ಕದಲ್ಲೇ 89 ಜನ ಸತ್ತರು. ಸೈನಿಕರು ಮೊಬೈಲ್ ಬಳಸಿದ್ದೇ ಕಾರಣ ಅಂತ ಅವರ ರಕ್ಷಣಾ ಇಲಾಖೆ ಹೇಳಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ತುಂಬಿದವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಅದು ಬೇರೆ ಮಾತು. ಫೋಟೋ ಮನೆಯ ಗೋಡೆ ಮೇಲೆ ಹಾಕಿ. ಹಿಂದೆ ಬೆಟ್ಟ, ಸೇತುವೆ, ಬೋರ್ಡು ಕಾಣುವ ಫೋಟೋ ಅಂತೂ ಯಾರಿಗೂ ಬೇಡ.

ಪ್ರಶ್ನೆ: ಬೇಕಂತ ಅಲ್ಲ, ಕೈತಪ್ಪಿ ಆದ ಸೋರಿಕೆಗೂ ಜೈಲು ಬೇಕಾ?
(ಕಚೇರಿ ಸಹಾಯಕ)

ಜೈಲು ಬೇಡ. ಸುಮ್ಮನೆ ಬಿಡುವುದೂ ಬೇಡ. 2022ರ ಫೆಬ್ರವರಿಯಲ್ಲಿ ಬ್ರಿಟನ್ ರಕ್ಷಣಾ ಇಲಾಖೆಯಲ್ಲಿ ಒಬ್ಬರು ಒಂದು ಪಟ್ಟಿಯನ್ನು ಮೇಲ್ ಮಾಡಿದರು. ಕೆಲವೇ ಹೆಸರು ಇದೆ ಅಂದುಕೊಂಡಿದ್ದರು. ಕಾಣದಂತೆ ಅಡಗಿದ್ದ ಸಾಲುಗಳಲ್ಲಿ ತಾಲಿಬಾನ್ ಭಯಕ್ಕೆ ಬ್ರಿಟನ್ನಿಗೆ ಬರಲು ಅರ್ಜಿ ಹಾಕಿದ್ದ ಸುಮಾರು 19,000 ಅಫ್ಘನ್ನರ ವಿವರ ಇತ್ತು. ಇಲಾಖೆಗೆ ಗೊತ್ತಾದದ್ದು ಮರುವರ್ಷ ಆಗಸ್ಟ್‌ನಲ್ಲಿ, ಅದರ ತುಣುಕು ಫೇಸ್‌ಬುಕ್‌ನಲ್ಲಿ ಕಾಣಿಸಿಕೊಂಡಾಗ. ಸುದ್ದಿಯೇ ಬರದಂತೆ ನ್ಯಾಯಾಲಯದ ತಡೆ ತಂದರು. ಅದು ತೆರವಾದದ್ದು 2025ರ ಜುಲೈನಲ್ಲಿ.

ಇಲ್ಲಿ ಮೇಲ್ ಕಳುಹಿಸಿದವರ ತಲೆದಂಡ ಪಡೆದು ಏನು ಮಾಡುತ್ತೀರಿ? ಅದಕ್ಕೂ ಹಿಂದೆ, 2021ರಲ್ಲೇ, ಅದೇ ಇಲಾಖೆಯಿಂದ ಅಫ್ಘನ್ನರಿಗೆ ಹೋದ ಒಂದು ಮೇಲ್‌ನಲ್ಲಿ ಎಲ್ಲರಿಗೂ ಎಲ್ಲರ ವಿಳಾಸ ಕಾಣುವಂತಾಗಿತ್ತು. ಆ ತಪ್ಪಿಗೆ ಇಲಾಖೆಗೆ 3,50,000 ಪೌಂಡ್ ದಂಡ ಬಿತ್ತು. ಒಂದೇ ಕಚೇರಿ ಒಂದೇ ಹೊಂಡಕ್ಕೆ ಎರಡು ಸಲ ಬಿದ್ದರೆ ಕಾಲು ಜಾರಿದವನನ್ನು ಬೈಯುವುದಕ್ಕಿಂತ ಹೊಂಡ ಮುಚ್ಚದವನನ್ನು ಕರೆಸಿ ಕೇಳಬೇಕು. ಅಂಥ ಪಟ್ಟಿಯನ್ನು ಮೇಲ್‌ಗೆ ಸೇರಿಸಲು ಕಂಪ್ಯೂಟರ್ ಬಿಟ್ಟದ್ದೇ ಯಾಕೆ? ಎರಡನೆಯವರು ನೋಡಿ ಒಪ್ಪುವ ತನಕ ಹೋಗಬಾರದಿತ್ತು.

ಮತ್ತೆ ತಪ್ಪನ್ನು ತಾನೇ ಬಂದು ಹೇಳಿದವನಿಗೂ ಮುಚ್ಚಿಟ್ಟವನಿಗೂ ಒಂದೇ ಶಿಕ್ಷೆ ಕೊಟ್ಟರೆ ನಾಳೆಯಿಂದ ಯಾರೂ ಹೇಳುವುದಿಲ್ಲ. ಹೋದ ಗುಟ್ಟು ಹೋಯಿತು ಅಂತಾದರೂ ಬೇಗ ಗೊತ್ತಾದರೆ ಸಂಕೇತ ಬದಲಾಯಿಸಬಹುದು, ಜನರನ್ನು ಬೇರೆ ಕಡೆಗೆ ಕಳುಹಿಸಬಹುದು.

ಪ್ರಶ್ನೆ: ಪದಬಂಧದಿಂದ ಯುದ್ಧದ ಗುಟ್ಟು ಹೊರಬಿದ್ದಿತ್ತಂತೆ, ನಿಜವಾ?
(ಪದಬಂಧ ಪ್ರಿಯೆ)

ಹೊರಬಿದ್ದಿತು ಅಂತ ಗಾಬರಿಯಾದದ್ದು ನಿಜ. 1944ರಲ್ಲಿ ಡೇಲಿ ಟೆಲಿಗ್ರಾಫ್ ಪದಬಂಧದಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬರಿ, ನೆಪ್ಚೂನ್ ಅಂತ ಉತ್ತರಗಳು ಒಂದರ ಹಿಂದೆ ಒಂದು ಬಂದವು. ಎಲ್ಲವೂ ನಾರ್ಮಂಡಿ ದಾಳಿಯ ಸಂಕೇತ ಪದಗಳು. ಪದಬಂಧ ಮಾಡುತ್ತಿದ್ದ ಶಾಲಾ ಮೇಷ್ಟ್ರು ಲಿಯೊನಾರ್ಡ್ ಡಾ ಅವರನ್ನು ಗುಪ್ತಚರರು ಹೋಗಿ ವಿಚಾರಿಸಿದರು. ಮೇಷ್ಟ್ರು ಬೇಹುಗಾರ ಅಲ್ಲ ಅಂತ ಆಯಿತು. ಪದಬಂಧ ಧಾರಾಳವಾಗಿ ತುಂಬಿಸಿ.

ಪ್ರಶ್ನೆ: ದಾರಿಯಲ್ಲಿ ಅಂಥ ಕಾಗದ ಸಿಕ್ಕರೆ ನಾವೇನು ಮಾಡಬೇಕು?
(ಪ್ರತಿ ತಿಂಗಳೂ ಬರೆಯುವ ಓದುಗರು)

ಸಿಗುತ್ತದೆ, ನಗಬೇಡಿ. 2021ರ ಜೂನ್‌ನಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಬಸ್ ನಿಲ್ದಾಣದ ಹಿಂದೆ ಸುಮಾರು 50 ಪುಟ ಒದ್ದೆಯಾಗಿ ಬಿದ್ದಿದ್ದವು. ಕ್ರಿಮಿಯಾ ಹತ್ತಿರ ಎಚ್‌ಎಂಎಸ್ ಡಿಫೆಂಡರ್ ಯುದ್ಧನೌಕೆ ಹೋದರೆ ರಷ್ಯಾ ಏನು ಮಾಡಬಹುದು ಅನ್ನುವ ಚರ್ಚೆ ಅದರಲ್ಲಿತ್ತು. ಸಿಕ್ಕವರು ಬಿಬಿಸಿಗೆ ತಿಳಿಸಿದರು.

ಮೊದಲು, ಫೋಟೋ ತೆಗೆಯಬೇಡಿ. ತೆಗೆದರೆ ಎರಡನೆಯ ಪ್ರತಿ ಮಾಡಿದವರು ನೀವಾಗುತ್ತೀರಿ. ಗುಂಪಿಗೆ ಕಳುಹಿಸಿ ‘ಇದೇನು ನೋಡಿ’ ಅಂತ ಕೇಳಬೇಡಿ. ಪುಟ ಹಿಂದೆ ಮುಂದೆ ಮಾಡದೆ, ಇದ್ದ ಹಾಗೇ ಒಂದು ಚೀಲಕ್ಕೆ ಹಾಕಿ ಪೊಲೀಸ್ ಠಾಣೆಗೆ ಕೊಡಿ. ಎಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಬರೆದು ಕೊಟ್ಟು, ತಲುಪಿತು ಅಂತ ಅವರಿಂದ ಬರೆಸಿಕೊಳ್ಳಿ. ನಾಳೆ ಒಂದು ಪುಟ ಕಡಿಮೆ ಬಂದರೆ ಮೊದಲು ಕೇಳುವುದು ನಿಮ್ಮನ್ನೇ.